ಮಾತು ನಿಂತ ಮಾವನ ಕಂಬ

ಸೆಪಿಕ್ ನದಿ ದಂಡೆಯನ್ನು ತಿಂದು ತಿಂದು ಊರಿನ ಕುಲಗಳೆಲ್ಲ ಸೇರುವ ನಮ್ಮ ಹಿರಿಯರ ಮನೆಯ ಬುಡಕ್ಕೇ ಬಂದಿತ್ತು. ಹಳೆಯದನ್ನು ಬಿಚ್ಚಿ ದಿಬ್ಬದ ಮೇಲೆ ಹೊಸದನ್ನು ಕಟ್ಟತೊಡಗಿದೆವು. ಕುಲಕ್ಕೊಂದು ಕಂಬ. ಕಂಬ ಗುಂಡಿಗಿಳಿಯುವಾಗ ಆ ಕುಲದ ಹಿರಿಯ ಎಲೆಯ ಕಟ್ಟನ್ನು ಮರದ ಪೀಠಕ್ಕೆ ಬಡಿಬಡಿದು ತನ್ನ ಪೂರ್ವಜರ ಹೆಸರು ಹೇಳಬೇಕು. ಹೇಳದಿದ್ದರೆ ಅದು ಬರೀ ಮರ. ಆ ಕುಲದ ಸತ್ತವರಿಗೆ ಮನೆಯೊಳಗೆ ಜಾಗವಿಲ್ಲ.

ನನ್ನ ಸೋದರಮಾವ ಸಂಗುನಾವಿಯ ಕುಲದಲ್ಲಿ ಆ ಹೆಸರುಗಳನ್ನು ಬಲ್ಲವರು ಅವರೊಬ್ಬರೇ. ಹೋದ ಮಳೆಗಾಲ ಲಕ್ವ ಹೊಡೆದು ಅವರ ಮಾತು ನಿಂತುಹೋಗಿತ್ತು.

ಅವರ ಕುಲದ ಕಂಬದ ಸರದಿ ಬಂದಾಗ ಮಾವ ಎಲೆ ಬಡಿದು ಬಾಯಿ ತೆರೆದರು. ಬರೀ ಗಾಳಿ ಬಂತು.

"ಕದ್ದ ಹೆಸ್ರು ಗಂಟ್ಲಲ್ಲಿ ಸಿಕ್ಕೊಂಡ್ತೇನೋ?" ಎಂದ ಎದುರು ಬಣದ ಮುದುಕ ಕಮಂಗ್ವಾ. ಆ ಹೆಸರುಗಳು ತನ್ನ ಕುಲದವೆಂದು ಜೀವಮಾನವಿಡೀ ಮಾವನ ಜೊತೆ ಕಾದಾಡಿದವನು.

ನನಗೆ ಮೈ ಉರಿಯಿತು. ಸೋದರಳಿಯನನ್ನು ತಮ್ಮ ಪೂರ್ವಜರ ಹೆಸರಿನಿಂದ ಕರೆದು ಮುದ್ದಿಸುವುದು ನಮ್ಮಲ್ಲಿ ಮಾವಂದಿರ ಪದ್ಧತಿ. ಹಾಗಾಗಿ ಹೆಸರುಗಳು ನನಗೆ ಗೊತ್ತಿದ್ದವು. ಆದರೆ ನಾನು ಅಪ್ಪನ ಕುಲದವನು. ನಾನು ಹೇಳಿದರೆ ಕಳ್ಳತನ.

ಎದ್ದು ಹೋಗಿ ಕಂಬಕ್ಕೆ ಹೆಗಲು ಕೊಟ್ಟೆ.

"ನಾನ್ ಯಾರ್ ಹೆಸ್ರೂ ಹೇಳ್ತಿಲ್ಲಪ್ಪಾ, ನನ್ ಕಥೆ ನಾನ್ ಹೇಳ್ಕೋತೀನಿ. ಮೊದಲ್ನೇ ಮೀನು ಹಿಡ್ಕೊಂಡು ಬಂದಾಗ ಮಾವ ನನ್ನ ಮಾಲಿಕವನ್ ಅಂದ್ರು."

ಮಾವ ಎಲೆ ಬಡಿದರು.

"ದೋಣಿ ಕೊರೆದಾಗ ಯಂಬುದಾವಿ ಅಂದ್ರು."

ಮತ್ತೆ ಬಡಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಸಾಗೋ ರೊಟ್ಟಿ ಕದ್ದು ಸಿಕ್ಕಿಬಿದ್ದಾಗ ಕರೆದದ್ದು, ಗಂಡಸಾಗುವ ದೀಕ್ಷೆಯಲ್ಲಿ ಬೆನ್ನಿಗೆ ಮೊಸಳೆ ಚರ್ಮದಂಥ ಗೆರೆ ಕುಯ್ಯುವಾಗ ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡು ಕಿವಿಯಲ್ಲಿ ಕರೆದದ್ದು, ಎಲ್ಲ ಹೇಳಿದೆ. ಒಂದೊಂದಕ್ಕೂ ಎಲೆ ಬಿತ್ತು.

ಆಮೇಲೆ ನನ್ನ ಕಥೆ ಮುಗಿಯಿತು. ಎಲ್ಲಕ್ಕೂ ಮೊದಲ ಪೂರ್ವಜನ ಹೆಸರು ಮಾತ್ರ ಉಳಿಯಿತು. ಅದನ್ನು ಯಾವ ಅಳಿಯನಿಗೂ ಕೊಡುವುದಿಲ್ಲ, ಹಾಗಾಗಿ ಅದೊಂದು ನನಗೆ ಗೊತ್ತಿರಲಿಲ್ಲ. ಮಾವ ಎಲೆ ಎತ್ತಿ ಹಿಡಿದು ಕಾದರು. ಅದಿಲ್ಲದೆ ಕಂಬ ನಿಲ್ಲುವಂತಿರಲಿಲ್ಲ.

ಕಮಂಗ್ವಾ ಎದ್ದು ಬಂದ. ಅವನು ಅಷ್ಟು ವರ್ಷ ಕಾದಾಡಿದ್ದೇ ಆ ಒಂದು ಹೆಸರಿಗೆ. ಈಗ ತನ್ನದೆಂದು ಸಾರಿದರೆ ತಡೆಯುವ ನಾಲಿಗೆ ಇರಲಿಲ್ಲ.

"ವೋಲಿಂಗವಿ," ಎಂದ, ನೆರೆದವರಿಗೆಲ್ಲ ಕೇಳುವಂತೆ. "ನಿಮ್ಮಜ್ಜ ಕಣೋ ಅವ್ನು. ನಮ್ಮೋನಲ್ಲ, ನಿಮ್ಮೋನೇ. ಹೂಂ, ಬಡಿ."

ಮಾವ ಬಡಿದರು.

"ಇನ್ನ್ಯಾರ್ ಹತ್ರ ಜಗಳ ಆಡ್ಲೋ ನಾನು?" ಎನ್ನುತ್ತಾ ಕಮಂಗ್ವಾ ನನ್ನ ಪಕ್ಕ ಬಂದು ಕಂಬಕ್ಕೆ ಹೆಗಲು ಕೊಟ್ಟ.