ಬಿಟ್ಟುಕೊಟ್ಟ ಮನೆಗಳು

ಪರದೆಯ ಮೇಲೆ ಅಂಕಿಗಳು ಮೂಡಿದಾಗ ಮೇಷ್ಟ್ರ ಜೋಕು ಅರ್ಧಕ್ಕೇ ನಿಂತಿತು. ಕಂಪ್ಯೂಟರಿನ ನೆನಪಿನಲ್ಲಿ ಹತ್ತು ಮನೆ ಜಾಗ ಕೇಳಿ ಪಡೆದು, ಅಂಕಿ ತುಂಬಿ, ಕೆಲಸ ಮುಗಿದ ಮೇಲೆ ಬಿಟ್ಟುಕೊಡುವ ಪುಟ್ಟ ಪ್ರೋಗ್ರಾಂ ಅದು. ಬಿಟ್ಟುಕೊಟ್ಟ ಮೇಲೂ ಇಣುಕಿದರೆ ಅಲ್ಲಿ ಏನಿರುತ್ತದೆ ಎಂದು ಮುಂದಿನ ಬೆಂಚಿನವನೊಬ್ಬ ಕೇಳಿದ್ದ.

"ಏನಿರತ್ತಪ್ಪಾ, ಸೊನ್ನೆ. ಗುಡಿಸಿ, ಒರೆಸಿ, ಬೀಗ ಹಾಕಿರತ್ತೆ. ಬೇಕಾದ್ರೆ ನೋಡ್ಕೋ" ಎಂದು ಮುದಿ ಕಾವಲುಗಾರನ ದನಿ ತೆಗೆದು, ಕ್ಲಾಸನ್ನು ನಗಿಸುತ್ತಲೇ ಮೇಷ್ಟ್ರು ಪ್ರೋಗ್ರಾಂ ಓಡಿಸಿದ್ದರು.

ಮೊದಲ ನಾಲ್ಕು ಮನೆಗಳಲ್ಲಿ ಏನೋ ಕಲಸುಮೇಲೋಗರ. ಉಳಿದ ಆರರಲ್ಲಿ ಅವರೇ ತುಂಬಿದ ಅಂಕಿಗಳು ಕದಲದೆ ಕೂತಿದ್ದವು.

ಹನ್ನೊಂದು ವರ್ಷದಿಂದ ಈ ಪಾಠವನ್ನು ಬೋರ್ಡಿನ ಮೇಲೆ ಚೌಕ ಬರೆದು, ಡಸ್ಟರಿನಲ್ಲಿ ಅಳಿಸಿ ತೋರಿಸುತ್ತ ಬಂದಿದ್ದರು. ಓಡಿಸಿ ನೋಡಿದ್ದು ಇವತ್ತೇ ಮೊದಲು.

ಕೊನೆಯ ಬೆಂಚಿನತ್ತ ಕಣ್ಣೆತ್ತಲು ಆಗಲಿಲ್ಲ. ಹೋದ ವರ್ಷದ ಪರೀಕ್ಷೆಯಲ್ಲಿ 'ಹಳೆಯ ಅಂಕಿ ಅಲ್ಲೇ ಉಳಿದಿರಬಹುದು' ಎಂದು ಬರೆದಿದ್ದ ಹುಡುಗಿ ಅಲ್ಲಿದ್ದಳು. ಆ ಉತ್ತರಕ್ಕೆ ಐದರಲ್ಲಿ ಸೊನ್ನೆ ಕೊಟ್ಟವರು ಇವರೇ. ಮೂರೇ ಅಂಕ ಕಡಿಮೆ ಬಿದ್ದು ನಪಾಸಾಗಿ, ಈಗ ಕಿರಿಯರ ಜೊತೆ ಅದೇ ಪಾಠಕ್ಕೆ ಮತ್ತೆ ಕೂತಿದ್ದಳು.

ಬೆಲ್ ಹೊಡೆದು ಎಲ್ಲರೂ ಹೊರಬಿದ್ದಾಗ ಅವಳನ್ನು ನಿಲ್ಲಿಸಿಕೊಂಡರು.

"ನೀನು ಬರೆದಿದ್ದು ಸರಿ ಇತ್ತಮ್ಮ."

"ಗೊತ್ತು ಸರ್. ಲ್ಯಾಬಲ್ಲಿ ಓಡಿಸಿ ನೋಡೇ ಬರೆದಿದ್ದೆ."

"ಮತ್ತೆ ನನಗೆ ಬಂದು ಹೇಳ್ಬಾರ್ದಿತ್ತಾ?"

"ಪರೀಕ್ಷೆಗೆ ಮುಂಚೆ ಕ್ಲಾಸಲ್ಲೇ ಹೇಳಿದ್ನಲ್ಲ ಸರ್. ನೀವು ನನ್ನ ಥರ ಮಾತಾಡಿ ತೋರಿಸಿದ್ರಿ."

ಮೇಷ್ಟ್ರಿಗೆ ಆ ದಿನ ನೆನಪಿರಲಿಲ್ಲ. ಎಷ್ಟು ಹುಡುಕಿದರೂ ಸಿಕ್ಕಿದ್ದು ಕ್ಲಾಸಿನ ನಗು ಮಾತ್ರ. ಅಂಥ ನಗುಗಳು ಅವರ ಲೆಕ್ಕಕ್ಕೆ ಸಿಗದಷ್ಟಿದ್ದವು.

"ಪ್ರಿನ್ಸಿಪಾಲರಿಗೆ ಇವತ್ತೇ ಬರೆದುಕೊಡ್ತೀನಿ. ತಪ್ಪು ನನ್ನದೇ ಅಂತ. ಅಂಕ ತಿದ್ದಿಸ್ತೀನಿ."

"ತಿದ್ದಿಸಿ ಸರ್." ಅವಳು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. "ಕಾಗದ ಪ್ರಿನ್ಸಿಪಾಲರಷ್ಟೇ ಓದ್ತಾರೆ. ನಕ್ಕಿದ್ದು ಕ್ಲಾಸು."

ಹೋದ ವರ್ಷ ನಕ್ಕವರು ಈಗ ಮಹಡಿಯ ಮೇಲಿನ ಕೋಣೆಯಲ್ಲಿದ್ದರು. ಮೇಷ್ಟ್ರು ಮೆಟ್ಟಿಲು ಹತ್ತಿದರು. ಅವಳು ನಾಲ್ಕು ಮೆಟ್ಟಿಲು ಹಿಂದೆ ಬಂದಳು. ಅಲ್ಲಿ ಪಾಠ ಮಾಡುತ್ತಿದ್ದ ಮೇಡಂ ಬಳಿ ಎರಡು ನಿಮಿಷ ಕೇಳಿಕೊಂಡು ಒಳಗೆ ಹೋದಾಗ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಇವತ್ತು ಯಾರ ದನಿಯೋ ಎಂದು ನಗುವನ್ನು ತುಟಿಯಂಚಿಗೇ ತಂದುಕೊಂಡು ಎಲ್ಲರೂ ನೆಟ್ಟಗೆ ಕೂತರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಬಾಗಿಲಾಚೆ ಅವಳು ಗೋಡೆಗೆ ಒರಗಿ, ನೆಲ ನೋಡುತ್ತ ನಿಂತಿದ್ದಳು.