ಮಲ್ಲಿಗಮ್ಮ ಆಡಿದ ನಿಜ

ರೆವಿನ್ಯೂ ಇನ್ಸ್‌ಪೆಕ್ಟರು ಜಗುಲಿಯ ಮೇಲೆ ಕೂತು ಕೇಳಿದ್ದು ಒಂದೇ ಮಾತು: "ಏನಮ್ಮಾ, ನೀನು ಏಸು ಪ್ರಾರ್ಥನೆಗೆ ಹೋಗ್ತೀಯಂತೆ, ಹೌದಾ?"

ಇಲ್ಲ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಲ್ಲಿಗಮ್ಮನ ಮಗಳು ಭಾನು ಪಿಯುಸಿಯಲ್ಲಿ ಫಸ್ಟ್ ಕ್ಲಾಸು. ಟಿಸಿಎಚ್ ಟ್ರೈನಿಂಗಿನ ಪಟ್ಟಿಯಲ್ಲಿ ಹೆಸರು ಬಂದಿತ್ತು. ಪರಿಶಿಷ್ಟ ಜಾತಿಯ ಸರ್ಟಿಫಿಕೇಟನ್ನು ಸೋಮವಾರದೊಳಗೆ ಕೊಟ್ಟರೆ ಟೀಚರಮ್ಮ ಆದಂತೆಯೇ. ಆದರೆ ಕ್ರೈಸ್ತರಾದವರಿಗೆ ಆ ಸರ್ಟಿಫಿಕೇಟು ಸಿಗುವುದಿಲ್ಲ. ಯಾರೋ ಹೊಟ್ಟೆಕಿಚ್ಚಿನವರು ಚಾಮರಾಜನಗರದ ತಾಲ್ಲೂಕು ಕಚೇರಿಗೆ ಅರ್ಜಿ ಗೀಚಿ, ಇನ್ಸ್‌ಪೆಕ್ಟರನ್ನು ಉಮ್ಮತ್ತೂರಿನ ತನಕ ಬರಮಾಡಿದ್ದರು. ಇನ್ನೊಬ್ಬರ ಅನ್ನಕ್ಕೆ ಮಣ್ಣು ಹಾಕುವವರಿಗೆ ಯಾವ ಊರಲ್ಲಿ ಬರ?

ಅವಳ ಸತ್ತ ಗಂಡನ ಅಣ್ಣ ಪುಟ್ಟಮಾದು ಕಂಬಕ್ಕೆ ಒರಗಿ ನಿಂತಿದ್ದ. "ಇಲ್ಲ ಅನ್ನು ಮಲ್ಲಿಗಮ್ಮ. ಒಂದ್ ಮಾತು ಅಷ್ಟೇಯ," ಎಂದು ಮೆಲ್ಲಗೆ ಹೇಳಿಕೊಟ್ಟ.

ಗಂಡ ಸತ್ತಾಗ ಬಾವಿಯ ದಾರಿ ಹಿಡಿದಿದ್ದ ಮಲ್ಲಿಗಮ್ಮನನ್ನು ಬದುಕಿಸಿದ್ದು ಸಂತೆಮರಹಳ್ಳಿಯ ತಗಡಿನ ಸೂರಿನಡಿಯ ಆ ಪ್ರಾರ್ಥನೆ. ಯಾರು ಕೇಳಿದರೂ ಏಸುವನ್ನು ಅರಿಯೆ ಅನ್ನಬಾರದು, ತಲೆ ಹೋದರೂ ಅನ್ನಬಾರದು ಎಂದು ಪಾಸ್ಟರು ಅಲ್ಲಿ ಎದೆ ಬಡಿದುಕೊಂಡು ಹೇಳುತ್ತಿದ್ದರು. ಇತ್ತ ಬಾಗಿಲ ಸಂದಿಯಲ್ಲಿ ಭಾನು ಎರಡೂ ಕೈ ಜೋಡಿಸಿಕೊಂಡು ತಾಯಿಯನ್ನೇ ನೋಡುತ್ತಿದ್ದಳು.

"ಓಯ್ತಿನಿ ಬುದ್ಧಿ," ಅಂದಳು ಮಲ್ಲಿಗಮ್ಮ. "ಸುಳ್ಳೇಳಕ್ಕಾಗಲ್ಲ."

ಪಾಪ, ಇನ್ಸ್‌ಪೆಕ್ಟರೇ ಪೆನ್ನು ಮುಚ್ಚಿ ಇನ್ನೊಮ್ಮೆ ಕೇಳಿದರು. ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು. ಸೀಟು ಹೋಯಿತು.

ಒಂದು ಸಮಾಧಾನದ ಮಾತಿಗೆಂದು ಪಾಸ್ಟರ ಮನೆಗೆ ಹೋದರೆ ಅವರು ಹಣೆ ಚಚ್ಚಿಕೊಂಡರು.

"ಅಯ್ಯೋ, ಅದನ್ಯಾಕಮ್ಮ ಹೇಳ್ದೆ? ಅದು ಬರೀ ಕಾಗ್ದ ಕಣಮ್ಮ. ಕಾಗ್ದದಲ್ಲಿ ನಾನಿನ್ನೂ ಶಂಕರನೇ. ನಮ್ ಮಗ ಡೇನಿಯಲ್ಲು ಸಿದ್ಧಾರ್ಥನೇ. ಅದ್ರಲ್ಲೇ ಅವನಿಗೆ ಪಾಲಿಟೆಕ್ನಿಕ್ ಸೀಟು ಸಿಕ್ತು. ನಮ್ ಸಭೇಲಿ ಯಾರಾದ್ರೂ ನಿನ್ನಂಗೆ ಹೇಳವ್ರಾ?"

ಯಾರೂ ಹೇಳಿರಲಿಲ್ಲ. ಪಾಸ್ಟರು ಹೇಳಿದ್ದನ್ನು ನಿಜವೆಂದು ನಂಬಿದ ತಪ್ಪು ಇಡೀ ಸಭೆಯಲ್ಲಿ ಅವಳೊಬ್ಬಳದೇ. ಬಸ್ಸಿನಲ್ಲಿ ಕೂತು ದೇವರ ಜೊತೆ ಜಗಳಕ್ಕೆ ಬಿದ್ದಳು. ನೀನೂ ಕಾಗದಕ್ಕೊಂದು ಹೆಸರು ಇಟ್ಟುಕೊಂಡಿದ್ದೀಯಾ ಎಂದು ಕೇಳಿದಳು. ಉಮ್ಮತ್ತೂರು ಬರುವ ತನಕ ಜಗಳ ಬಿಡಲಿಲ್ಲ.

ಭಾನು ಕಂಡವರ ಅರಿಸಿನದ ಹೊಲದಲ್ಲಿ ಕಳೆ ಕೀಳಲು ಕೂಲಿಗೆ ಹೊರಟಳು. ತಾಯಿಯ ಜೊತೆ ಮಾತು ಬಿಟ್ಟಳು. ಭಾನುವಾರ ತಾಯಿ ತಲೆ ಬಾಚಿಕೊಳ್ಳುವುದನ್ನು ಕಂಡಾಗ ಮಾತ್ರ ಬಾಯಿ ತೆರೆದಳು.

"ಇನ್ನೂವೆ ಓಯ್ತಿಯಾ ಅಲ್ಲಿಗೆ? ನಾಚ್ಕೆ ಆಗಲ್ವಾ ನಿಂಗೆ?"

"ಸುಳ್ಳೇಳಿದ್ದು ಪಾಸ್ಟ್ರು ಅಯ್ನೋರು ಕಣಮ್ಮಿ. ಏಸಪ್ಪ ಅಲ್ಲ."

"ಅಂಗಾರೆ ಆ ಏಸಪ್ಪನ್ನೇ ಕಳೆ ಕೀಳಾಕೆ ಕಳ್ಸು," ಎಂದು ಭಾನು ಕುಡುಗೋಲು ಎತ್ತಿಕೊಂಡು ನಡೆದಳು. ಮಲ್ಲಿಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಬಸ್ಸಿಗೆ ಹೋಗಿ ನಿಂತಳು.

ಅವತ್ತು ಸಭೆಯಲ್ಲಿ, ಡೇನಿಯಲ್ಲನಿಗೆ ಸೀಟು ದಯಪಾಲಿಸಿದ ದೇವರಿಗೆ ಸ್ತೋತ್ರ ನಡೆಯಿತು. ಎಲ್ಲರೂ ಆಮೆನ್ ಅಂದರು. ಮಲ್ಲಿಗಮ್ಮ ಮೊದಲ ಸಾಲಿನಲ್ಲೇ ಕೂತು ಪಾಸ್ಟರ ಮುಖವನ್ನು ನೆಟ್ಟಗೆ ನೋಡಿದಳು. ಪ್ರಸಂಗದ ನಡುವೆ ಅವರು ಎರಡು ಸಲ ತಡವರಿಸಿದರು.

ಜನ ಚದುರಿದ ಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. "ಉಮ್ಮತ್ತೂರಿಂದ ಬರೋದು ಕಷ್ಟ ಆಯ್ತದೆ ಕಣಮ್ಮ ನಿಂಗೆ. ಇನ್ಮೇಲೆ ಮನೇಲೇ ಪ್ರಾರ್ಥನೆ ಮಾಡ್ಕೊ. ದೇವ್ರು ಅಲ್ಲೂ ಕೇಳ್ತಾನೆ."

ಮಲ್ಲಿಗಮ್ಮ ಕೂತಲ್ಲಿಂದ ಅಲುಗಾಡಲಿಲ್ಲ.

"ಇಲ್ಲ ಅಯ್ನೋರೇ," ಅಂದಳು. "ಈ ಜಾಗಕ್ಕೆ ನನ್ ಮಗಳ ಓದು ಕೊಟ್ಟಿವ್ನಿ. ಪುಕ್ಕಟೆ ಕೂತಿರೋರು ನೀವು. ಬೇಕಾದ್ರೆ ನೀವೇ ಏಳಿ."