ಮೇಷ್ಟ್ರು ಬಾರದ ಶನಿವಾರ

"ಎಷ್ಟೇ ಸಂಕಟ ಆಗ್ಲಿ ರೀ, 'ಹೋಗ್ಬೇಡ' ಅಂತ ಮಾತ್ರ ಅನ್ನಬಾರದು. ನೀವು ಅಂದ್ಬಿಟ್ರೆ ನನ್ನ ಕಾಲು ಮುಂದಕ್ಕೆ ಬರಲ್ಲ," ಎಂದು ಹೆಂಡತಿ ಮೆಟ್ಟಿಲ ಮೇಲೆ ನಿಂತು ಕೇಳಿಕೊಂಡಿದ್ದಳು. ಆರು ವರ್ಷದ ಹಿಂದಿನ ಮಾತು. ಅವಳ ಕಂಕುಳಲ್ಲಿ ಮೂರು ವರ್ಷದ ಮಗಳು, ಕಾಲ ಬಳಿ ಹೊಸ ಬ್ಯಾಗು. ಬಂದರಿನಲ್ಲಿ ಕ್ರೇನ್ ನಡೆಸುವ ಕೆಲಸ ಸಿಕ್ಕಿತ್ತು. ಬಂದರೆಂದರೆ ಬಸ್ಸಿನಲ್ಲಿ ಹನ್ನೊಂದು ಗಂಟೆಯ ದಾರಿ.

"ಅನ್ನಲ್ಲ," ಎಂದು ಅವನು ಮಾತು ಕೊಟ್ಟ.

ಕೊಟ್ಟ ಮೇಲೆ ಉಳಿಸಿಕೊಂಡೂ ಬಂದ. ಐದು ವಾರಕ್ಕೊಮ್ಮೆ ಅವಳು ಬರುತ್ತಾಳೆ, ನಾಲ್ಕು ದಿನ ಇರುತ್ತಾಳೆ, ಐದನೆಯ ಬೆಳಿಗ್ಗೆ ಹೊರಡುತ್ತಾಳೆ. ಬಸ್ಸಿನ ಬಾಗಿಲ ಹತ್ತಿರ ಆ ಮಾತು ಗಂಟಲಿಗೆ ಬಂದು ಕೂರುತ್ತದೆ. ಆಗ ಅವನು ಅದನ್ನು ನುಂಗಿ, "ನೀರಿನ ಬಾಟ್ಲಿ ತಗೊಂಡ್ಯಾ?" ಎನ್ನುತ್ತಾನೆ. ಇಲ್ಲಿಯವರೆಗೆ ಅರವತ್ತು ಸಲವಾದರೂ ಕೇಳಿರಬೇಕು. "ನೀರಿನ ಬಗ್ಗೆ ಇಷ್ಟು ಸಲ ಕೇಳಿಸಿಕೊಂಡ ಹೆಂಡತಿ ಇನ್ನೊಬ್ಬಳಿರಲಿಕ್ಕಿಲ್ಲ ಬಿಡಿ," ಎಂದು ಅವಳು ನಗುತ್ತಾಳೆ. ಬಸ್ಸು ತಿರುವು ದಾಟುವವರೆಗೆ ಅವನು ಕೈ ಎತ್ತಿಕೊಂಡೇ ನಿಂತಿರುತ್ತಾನೆ.

ಅವನದು ಹೊಲಿಗೆ ಯಂತ್ರ ರಿಪೇರಿಯ ಕೆಲಸ. ಬಟ್ಟೆ ಕಾರ್ಖಾನೆಯೊಂದರಲ್ಲಿ ನೂರನಲವತ್ತು ಯಂತ್ರಗಳಿಗೆ ಒಬ್ಬನೇ ಮೆಕ್ಯಾನಿಕ್ಕು. ಇಲ್ಲಿ ದಾರ ತುಂಡಾಯಿತು, ಅಲ್ಲಿ ಹೊಲಿಗೆ ಬಿಟ್ಟುಹೋಯಿತು ಎಂದು ಬೆಳಗಿನಿಂದ ಕರೆಯುತ್ತಲೇ ಇರುತ್ತಾರೆ. ಮನೆಗೆ ಬಂದರೆ ಮಗಳ ಡಬ್ಬಿ, ಮಗಳ ಬಟ್ಟೆ, ಮಗಳ ಮಗ್ಗಿ. ಅದೆಲ್ಲ ಮುಗಿದ ಮೇಲೆ ತಾರಸಿ ಹತ್ತಿದರೆ ಇಪ್ಪತ್ತೆರಡು ಪಾರಿವಾಳಗಳ ಗೂಡು. "ಎಲ್ಲರೂ ಅಲ್ಲಿಗೇ ಬಂದ್ಬಿಡಿ," ಎಂದು ಹೆಂಡತಿ ಮೊದಲ ವರ್ಷ ಒಮ್ಮೆ ಕರೆದಿದ್ದಳು. "ನಾವು ಹೋಗ್ಬಹುದು. ಈ ಹಕ್ಕಿಗಳನ್ನ ಅಲ್ಲಿ ಬಿಟ್ಟ ತಕ್ಷಣ ಇದೇ ತಾರಸಿಗೆ ವಾಪಸ್ ಬರ್ತಾವಲ್ಲ," ಎಂದಿದ್ದ ಅವನು. ಅವಳು ಮತ್ತೆ ಕರೆಯಲಿಲ್ಲ.

ಆ ಇಪ್ಪತ್ತೆರಡರಲ್ಲಿ ಹಿರಿಯರು ಮೇಷ್ಟ್ರು. ಪರೀಕ್ಷೆಯ ಕೊಠಡಿಯಲ್ಲಿ ಚೀಟಿ ಹುಡುಕುವವರ ಹಾಗೆ ಎದೆಯುಬ್ಬಿಸಿ, ಕತ್ತು ಆಡಿಸುತ್ತ ಓಡಾಡುವುದನ್ನು ನೋಡಿ ಮಗಳೇ ಇಟ್ಟ ಹೆಸರು. ಮನೆಯಲ್ಲಿ ಯಾರೂ ಅವರನ್ನು ಏಕವಚನದಲ್ಲಿ ಕರೆದವರಲ್ಲ. ಆರು ವರ್ಷದ ಬೂದು ಗಂಡು; ಇಪ್ಪತ್ತಮೂರು ರೇಸು ಹಾರಿ, ಇಪ್ಪತ್ತಮೂರರಲ್ಲೂ ಮನೆ ಸೇರಿದವರು.

ರೇಸಿನ ಹಕ್ಕಿ ಸಾಕುವವರಲ್ಲಿ ಒಂದು ಉಪಾಯವಿದೆ. ಕೇಳಿದವರಿಗೆ ಸ್ವಲ್ಪ ಕಲ್ಲು ಮನಸ್ಸಿನ ಕೆಲಸ ಎನಿಸಬಹುದು. ವಾರವಿಡೀ ಗಂಡು ಒಂದು ಕಡೆ, ಅದರ ಜೋಡಿ ಇನ್ನೊಂದು ಕಡೆ, ನಡುವೆ ಹಲಗೆಯ ಬಾಗಿಲು. ಶುಕ್ರವಾರ ಸಂಜೆ ಬುಟ್ಟಿಗೆ ಹಾಕುವ ಮೊದಲು ಹಲಗೆ ಸರಿಸಿ, ಆ ಜಾಗಕ್ಕೆ ಜಾಲರಿ ಹಿಡಿದು, ಅದರ ಆಚೆಯಿಂದ ಹತ್ತೇ ನಿಮಿಷ ಹೆಣ್ಣಿನ ಮುಖ ತೋರಿಸುತ್ತಾರೆ. ಆಮೇಲೆ ಗಂಡು ಲಾರಿ ಹತ್ತುತ್ತದೆ. ಮರುದಿನ ನಾನೂರು ಕಿಲೋಮೀಟರ್ ಆಚೆ ಬುಟ್ಟಿಯ ಬಾಯಿ ತೆರೆದರೆ ಆ ಹತ್ತು ನಿಮಿಷವನ್ನೇ ನೆನೆದುಕೊಂಡು ಹಾರುತ್ತದೆ. ಬಂದು ಇಳಿದ ಕೂಡಲೇ ಅದರ ಕಾಲಿನ ರಬ್ಬರ್ ಉಂಗುರ ಬಿಚ್ಚಿ ಗಡಿಯಾರದ ಪೆಟ್ಟಿಗೆಗೆ ಹಾಕಬೇಕು. ಗಂಟೆ, ನಿಮಿಷ ಅಚ್ಚಾಗುತ್ತದೆ. ಅಚ್ಚಾದ ಮೇಲೆ ಬಾಗಿಲು ತೆರೆದು ಜೋಡಿಯನ್ನು ಒಟ್ಟಿಗೆ ಬಿಡಬೇಕು. ಸಂಜೆಯವರೆಗೆ ಅವರ ಪಾಡಿಗೆ ಅವರು. ಕತ್ತಲಾದ ಮೇಲೆ ಮತ್ತೆ ಹಲಗೆ.

ಕಳೆದ ಸಲ ಹೆಂಡತಿ ಬಂದ ಶನಿವಾರ ಮೇಷ್ಟ್ರು ಎಲ್ಲರಿಗಿಂತ ಮೊದಲು ಬಂದಿಳಿದಿದ್ದರು. ಅವನು ಉಂಗುರ ಬಿಚ್ಚಿ, ಪೆಟ್ಟಿಗೆಗೆ ಹಾಕಿ ಒತ್ತುವುದಕ್ಕೂ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. "ಬಸ್ ಎರಡು ಗಂಟೆ ಮುಂಚೆನೇ ಬಂದ್ಬಿಡ್ತು ರೀ, ಸ್ಟ್ಯಾಂಡಲ್ಲಿದೀನಿ." ಅವನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿದ.

ಮರುದಿನ ಬೆಳಿಗ್ಗೆ ನೀರಿಡಲು ತಾರಸಿಗೆ ಹೋದಾಗಲೇ ಅವನಿಗೆ ನೆನಪಾಯಿತು. ಹಲಗೆಯ ಬಾಗಿಲ ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ಮೇಷ್ಟ್ರು ಅದಕ್ಕೆ ಮೈ ಒತ್ತಿಕೊಂಡು ನೆಲದ ಮೇಲೇ ಕೂತಿದ್ದರು. ಅವನು ಗಡಬಡಿಸಿ ಬಾಗಿಲು ತೆರೆದ. ಅವರ ಜೋಡಿ, ಬಿಳಿರೆಕ್ಕೆ ಎಂಬ ಹೆಣ್ಣು, ಕುಣಿಯುತ್ತ ಹೊರಗೆ ಬಂದಳು. ಮೇಷ್ಟ್ರು ಒಮ್ಮೆ ಅವಳನ್ನು ನೋಡಿದರು. ಆಮೇಲೆ ಕಾಳಿನ ಕಡೆ ನಡೆದರು.

ಈ ಸಂಗತಿಯನ್ನು ಅವನು ಯಾರಿಗೂ ಹೇಳಲಿಲ್ಲ.

ನಾಲ್ಕು ವಾರ ಬಿಟ್ಟು ಮುಂದಿನ ರೇಸು. ಶುಕ್ರವಾರ ಹತ್ತು ನಿಮಿಷಕ್ಕೆ ಬದಲು ಅರ್ಧ ಗಂಟೆ ಮುಖ ತೋರಿಸಿದ. ಮೇಷ್ಟ್ರು ಹಾಜರಿ ಕೂಗುವವರ ಹಾಗೆ ಒಮ್ಮೆ ನೋಡಿ ಮುಖ ತಿರುಗಿಸಿದರು. ಶನಿವಾರ ಮಧ್ಯಾಹ್ನದಿಂದ ಅವನೂ ಮಗಳೂ ಆಕಾಶಕ್ಕೆ ಕಣ್ಣು ನೆಟ್ಟು ಕೂತರು. ಮೂರು ಗಂಟೆಗೆ ಕಳೆದ ವರ್ಷದ ಮರಿಯೊಂದು, ದಾರಿಯಲ್ಲಿ ಎಲ್ಲೋ ಅರ್ಧ ಬಾಲ ಕಳೆದುಕೊಂಡು, ಪೆದ್ದುಪೆದ್ದಾಗಿ ಬಂದಿಳಿಯಿತು. ಇನ್ನೆರಡು ಬಂದವು. ಆಕಾಶ ಕೆಂಪಾಯಿತು, ಬೂದಿಯ ಬಣ್ಣಕ್ಕೆ ತಿರುಗಿತು. ಮೇಷ್ಟ್ರು ಬರಲಿಲ್ಲ.

ಭಾನುವಾರ ಪಾರಿವಾಳ ರೇಸಿನ ಸಂಘದ ಶೆಡ್ಡಿನಲ್ಲಿ ಎಲ್ಲರ ಮುಖವೂ ಜೋತುಬಿದ್ದಿತ್ತು. ಹನ್ನೊಂದು ಹಕ್ಕಿ ಬಂದಿರಲಿಲ್ಲ, ಹನ್ನೊಂದೂ ಹಳೆಯವು.

"ಗಿಡುಗ," ಎಂದ ಒಬ್ಬ.

"ಹನ್ನೊಂದನ್ನೂ ತಿನ್ನೋಕೆ ಅದೇನು ಗಿಡುಗನಾ, ನಿಮ್ಮ ಭಾವನಾ?" ಎಂದ ಇನ್ನೊಬ್ಬ. "ಬಿಸಿಲು ಕಣಪ್ಪ. ಜೊತೆಗೆ ಆ ದೊಡ್ಡ ಕರೆಂಟ್ ತಂತಿಗಳು."

"ಅದೇ ಹೊತ್ತಿಗೆ ಇನ್ನೊಂದು ಸಂಘದವರೂ ಬಿಟ್ಟಿದ್ರಂತೆ. ಎರಡು ಗುಂಪು ಕಲೆತು, ಅವರ ಹಿಂದೆ ಇವು ಹೋಗಿರ್ತಾವೆ."

"ಹಾಗಾದ್ರೆ ಮರಿಗಳು ಹೇಗೆ ಬಂದ್ವು?"

ಎಲ್ಲರೂ ಗಡಿಯಾರದಜ್ಜನ ಮುಖ ನೋಡಿದರು. ಸಂಘದ ಪೆಟ್ಟಿಗೆಗಳನ್ನು ತೆರೆದು ಹೊತ್ತು ಓದುವುದು ನಲವತ್ತು ವರ್ಷದಿಂದ ಅವರದೇ ಕೆಲಸ. ಅಜ್ಜ ಕನ್ನಡಕ ಒರೆಸುತ್ತ ಹೇಳಿದರು: "ಮರಿಗೆ ದಾರಿ ಗೊತ್ತಿರಲ್ಲ, ಅದಕ್ಕೇ ಕಳೆದುಹೋಗುತ್ತೆ. ಹಳೇದಕ್ಕೆ ದಾರಿ ಗೊತ್ತು, ದಾರಿಯ ಕೊನೇಲಿ ಏನಿದೆ ಅಂತಾನೂ ಗೊತ್ತು. ದಣಿವಾದಾಗ ಎಲ್ಲೋ ಇಳಿಯುತ್ತೆ. ನೀರು ಕುಡಿಯುತ್ತೆ. ಇನ್ನೂ ನೂರು ಕಿಲೋಮೀಟರ್ ಹಾರ್ಲಾ ಬೇಡ್ವಾ ಅಂತ ಯೋಚನೆ ಮಾಡುತ್ತೆ. ಯೋಚನೆ ಶುರುವಾಯ್ತೋ, ಮುಗೀತು." ಅವನ ಕಡೆ ತಿರುಗಿದರು. "ನಿಂದು ಬರ್ಲೇಬೇಕಿತ್ತಲ್ಲೋ. ಏನಾದ್ರೂ ಮೋಸ ಮಾಡಿದ್ಯಾ ಅದಕ್ಕೆ?"

"ಇಲ್ಲಜ್ಜ," ಎಂದ ಅವನು, ಚಹಾ ಲೋಟದೊಳಗೆ ಇಣುಕುತ್ತ.

ಗುರುವಾರ ಹೆಂಡತಿ ಬಂದಳು. ಮೊದಲೆಲ್ಲ ಆಟೋ ಬೀದಿಯ ಮೂಲೆಗೆ ಬಂದ ಸದ್ದಿಗೇ ಮಗಳು ಮೂರು ಮೆಟ್ಟಿಲಿಗೊಂದು ಹಾರಿ ಕೆಳಗಿಳಿಯುತ್ತಿದ್ದಳು. ಈಗ ಅವಳಿಗೆ ಒಂಬತ್ತು. ಮೇಜಿನ ಮುಂದೆ ಕೂತು ಪೆನ್ಸಿಲ್ ಹೆರೆಯುತ್ತಿದ್ದಳು. "ಬಂದ್ಯಾಮ್ಮಾ," ಎಂದಳು, ತಲೆ ಎತ್ತದೆ.

ತಾಯಿ ಬಣ್ಣದ ಪೆನ್ಸಿಲಿನ ಡಬ್ಬಿ ಮುಂದಿಟ್ಟಳು. ನಲವತ್ತೆಂಟು ಬಣ್ಣ.

"ಇಟ್ಟಿರು. ಆಮೇಲೆ ನೋಡ್ತೀನಿ."

ಹೆಂಡತಿ ಗಂಡನ ಮುಖ ನೋಡಿದಳು. ಅವನು ಬ್ಯಾಗನ್ನು ಒಳಗೆ ಒಯ್ದ.

ಸಂಜೆ ತಾರಸಿಯಲ್ಲಿ, ಅವನು ಗೂಡು ಗುಡಿಸುತ್ತಿದ್ದಾಗ, ಅವಳು ಬಂದು ಗೋಡೆಗೆ ಒರಗಿದಳು. "ನೀವು ಫೋನಲ್ಲಿ ಹೇಳಿದಾಗಿಂದ ಮೇಷ್ಟ್ರನ್ನ ದಿನಾ ಹುಡುಕಿದೆ ರೀ. ನಮ್ಮ ಬಂದರಲ್ಲಿ ಕಾಳಿನ ಗೋದಾಮು ಇದೆಯಲ್ಲ, ಅಲ್ಲಿ ಕಾಲಿಗೆ ಉಂಗುರ ಇರೋವೇ ಇಪ್ಪತ್ತು ಮೂವತ್ತು ಇದಾವೆ. ಊರ ಪಾರಿವಾಳದ ಜೊತೆ ಸಂಸಾರ ಹೂಡಿಬಿಟ್ಟಿದಾವೆ."

"ಎಲ್ಲ ರೇಸಿನವು?"

"ಹೂಂ. ಒಂದಕ್ಕೂ ರೆಕ್ಕೆ ಮುರಿದಿಲ್ಲ, ಏನಿಲ್ಲ. ಮಧ್ಯಾಹ್ನ ನನ್ನ ಕ್ರೇನಿನ ಕಂಬಿ ಮೇಲೆ ಬಂದು ಸಾಲಾಗಿ ಕೂರ್ತಾವೆ, ನಲವತ್ತು ಮೀಟರ್ ಎತ್ತರದಲ್ಲಿ. ಎಲ್ಲ ಒಂದೇ ಕಡೆ ಮುಖ ಮಾಡಿ, ಒಂದು ಗಂಟೆ ಅಲ್ಲಾಡಲ್ಲ. ಆಮೇಲೆ ಕೆಳಗಿಳಿದು ಕಾಳು ತಿನ್ನೋಕೆ ಹೋಗ್ತಾವೆ."

"ಯಾವ ಕಡೆ ಮುಖ?"

"ಗಾಳಿ ಬರೋ ಕಡೆಗೆ ಅಂತಾನೆ ಪಕ್ಕದ ಕ್ರೇನಿನವನು. ಅವನಿಗೇನು ಗೊತ್ತು." ಅವಳು ನೆಲದಿಂದ ಒಂದು ಬೂದು ಗರಿ ಎತ್ತಿಕೊಂಡಳು. "ನಮ್ಮ ಮೇಷ್ಟ್ರು ಅಲ್ಲಿರ್ಲಿಲ್ಲ."

ಆಮೇಲೆ ಸೆರಗಿನ ಮರೆಯಿಂದ ಮಡಚಿದ ಕಾಗದವೊಂದನ್ನು ತೆಗೆದಳು. ಬಂದರಿನವರು ದೊಡ್ಡ ಕ್ರೇನು ಕೊಡುತ್ತಾರಂತೆ. ಇನ್ನು ನಾಲ್ಕು ವರ್ಷದ ಕರಾರು. ಹಳೆಯದು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅಷ್ಟರಲ್ಲಿ ಸಹಿ ಬೀಳದಿದ್ದರೆ ಕೆಲಸ ಇನ್ನೊಬ್ಬರಿಗೆ.

"ಏನಂತೀರಿ?"

ಅವನು ಪೊರಕೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ನಿನ್ನಿಷ್ಟ," ಎಂದ.

ಅವಳು ಕಾಗದವನ್ನು ಇದ್ದ ಮಡಿಕೆಗಳಲ್ಲೇ ಮತ್ತೆ ಮಡಚಿದಳು.

ಭಾನುವಾರ ಮಗಳು ಗೂಡಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಕೇಳಿದಳು: "ಅಪ್ಪಾ, ಬಿಳಿರೆಕ್ಕೆಗೆ ಬೇರೆ ಜೋಡಿ ಹಾಕ್ಬಿಡು."

"ಮೇಷ್ಟ್ರು ಬಂದ್ರೆ?"

"ಬರಲ್ಲಪ್ಪ."

"ಹಾಗನ್ಬೇಡ ಪುಟ್ಟಾ. ದಾರಿ ಗೊತ್ತಿದೆ ಅವ್ರಿಗೆ."

"ಗೊತ್ತಿದ್ರೇನು? ಬಂದ್ರೂ ಸಾಯಂಕಾಲದವರೆಗೆ ತಾನೆ. ಆಮೇಲೆ ಮತ್ತೆ ಬಾಗಿಲು ಹಾಕ್ತೀಯಲ್ಲ." ಅವಳು ಅಂಗೈಯ ಕಾಳನ್ನು ಒಂದೊಂದಾಗಿ ಜಾಲರಿಯೊಳಗೆ ಹಾಕುತ್ತಿದ್ದಳು. "ಅಷ್ಟಕ್ಕೆ ಯಾಕೆ ಅಷ್ಟು ದೂರ ಬರ್ಬೇಕು?"

ಅವನು ಕಾಳಿನ ಡಬ್ಬಿಯ ಮುಚ್ಚಳ ಹಾಕಿದ. "ನಾಳೆ ಅಮ್ಮನ್ನ ಬಸ್ ಹತ್ತಿಸೋಕೆ ಬರ್ತೀಯಾ?"

"ಹೋಂವರ್ಕ್ ಇದೆ."

"ಬೆಳಿಗ್ಗೆ ಏಳಕ್ಕಾ?"

"ಹೂಂ," ಎಂದಳು ಮಗಳು, ಅವನಿಗೆ ಬೆನ್ನು ಮಾಡಿ. ಆ ಬೆನ್ನನ್ನು ನೋಡುತ್ತ ಅವನು ಬಹಳ ಹೊತ್ತು ನಿಂತ. ಕೆಳಗೆ ಮೇಜಿನ ಮೇಲೆ ನಲವತ್ತೆಂಟು ಬಣ್ಣದ ಡಬ್ಬಿ ಗುರುವಾರ ಇಟ್ಟ ಜಾಗದಲ್ಲೇ, ಅಂಟುಪಟ್ಟಿ ಕೀಳದೆ ಕೂತಿತ್ತು.

ಸೋಮವಾರ ಬಸ್ ನಿಲ್ದಾಣದಲ್ಲಿ ಎಂದಿನ ಗದ್ದಲ. ಅವಳು ಬಾಗಿಲ ಕಂಬಿ ಹಿಡಿದು ತಿರುಗಿ, ಅವನು ಬಾಯಿ ತೆರೆಯುವ ಮೊದಲೇ ಬಾಟ್ಲಿ ಎತ್ತಿ ತೋರಿಸಿದಳು. "ಇದೆ. ತುಂಬಿಸಿದೀನಿ. ಇನ್ನೇನು ಕೇಳ್ತೀರಿ?"

"ಕಳೆದ ಸಲ ನೀನು ಬಂದ ದಿನ," ಎಂದ ಅವನು, "ಮೇಷ್ಟ್ರ ಬಾಗಿಲು ತೆಗೆಯೋದೇ ಮರೆತಿದ್ದೆ."

"ಅಯ್ಯೋ! ಇದನ್ನ ಈಗ ಹೇಳ್ತೀರಾ, ಬಸ್ ಹೊರಡೋವಾಗ?"

"ರಾತ್ರಿಯಿಡೀ ಆ ಬಾಗಿಲಿಗೆ ಒತ್ತಿಕೊಂಡು ಕೂತಿದ್ರು. ಬೆಳಿಗ್ಗೆ ತೆಗೆದೆ. ಆದ್ರೆ ಅಷ್ಟೊತ್ತಿಗೆ ಅವ್ರಿಗೆ ಬೇಡವಾಗಿತ್ತು."

ಅವಳ ಮುಖದ ನಗು ಇಳಿಯಿತು. ಅವಳೂ ನಾಲ್ಕು ದಿನದಿಂದ ಆ ಪೆನ್ಸಿಲ್ ಡಬ್ಬಿಯನ್ನು ನೋಡಿದ್ದಳಲ್ಲ.

"ಹೋಗ್ಬೇಡ," ಎಂದ ಅವನು.

ಅವಳ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ. ಎರಡೂ ಕದಲಲಿಲ್ಲ.

"ಅಕ್ಕಾ, ಹತ್ತೋದಾದ್ರೆ ಹತ್ತಿ, ಇಳಿಯೋದಾದ್ರೆ ಇಳೀರಿ. ಬಾಗಿಲಲ್ಲೇ ಮನೆ ಮಾಡ್ಬೇಡಿ," ಎಂದು ಕಂಡಕ್ಟರ್ ಕೂಗಿದ.

"ಅನ್ನಲ್ಲ ಅಂತ ಮಾತು ಕೊಟ್ಟಿದ್ರಿ," ಎಂದಳು ಅವಳು, ಮೆಲ್ಲಗೆ.

"ಹೂಂ. ಕೊಟ್ಟಿದ್ದೆ."

ಅವಳು ಹತ್ತಿದಳು. ಕಿಟಕಿಯ ಸೀಟಿನಲ್ಲಿ ಕೂತು, ಬ್ಯಾಗಿನೊಳಗೆ ಕೈ ಹಾಕಿ ತಡಕಾಡಿ, ಮಡಚಿದ ಕಾಗದವನ್ನು ಸರಳುಗಳ ನಡುವಿನಿಂದ ಅವನ ಕಡೆ ಚಾಚಿದಳು. ಸಹಿಯ ಜಾಗ ಖಾಲಿಯಿತ್ತು.

"ತಿಂಗಳು ತುಂಬೋವರೆಗೆ ಕೆಲಸ ಮಾಡಿಕೊಟ್ಟೇ ಬರ್ಬೇಕು. ಅಲ್ಲಿವರೆಗೆ ಇದು ನಿಮ್ಮ ಹತ್ರ ಇರ್ಲಿ. ನನ್ನ ಹತ್ರ ಇದ್ರೆ ಯಾವತ್ತಾದ್ರೂ ಒಂದಿನ ಸಹಿ ಹಾಕ್ಬಿಡ್ತೀನಿ," ಎಂದಳು. "ಮಗಳಿಗೆ ಈಗ್ಲೇ ಹೇಳ್ಬೇಡಿ. ನಂಬಲ್ಲ. ಬಂದ ಮೇಲೆ ನೋಡ್ಲಿ."

ಬಸ್ಸು ತಿರುವು ದಾಟಿತು. ಅವನು ಕಾರ್ಖಾನೆಗೆ ಹೋಗುವ ಮೊದಲು ಮನೆಗೆ ಬಂದು, ತಾರಸಿ ಹತ್ತಿ, ನಡುವಿನ ಹಲಗೆಯನ್ನು ತಿರುಪಿನ ಸಮೇತ ಬಿಚ್ಚಿ ಮೂಲೆಗೆ ಒರಗಿಸಿದ. ಬಿಳಿರೆಕ್ಕೆ ಖಾಲಿ ಖಾನೆಯೊಳಗೆ ಹೋಗಿ, ಸುತ್ತ ನೋಡಿ, ಅಲ್ಲೇ ಕೂತಳು. ಅವನು ಅಭ್ಯಾಸಬಲದಿಂದ ಒಮ್ಮೆ ಆಕಾಶ ನೋಡಿದ.

ಮೇಷ್ಟ್ರು ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಆರು ವರ್ಷ ಉಳಿಸಿಕೊಂಡು ಬಂದ ಮಾತನ್ನು ಅವನು ಸೋಮವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಮುರಿದಿದ್ದ.